ಸಾಹೇಬರ ಫೋನ್ ಬಂದಾಗ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸರಕಾರಿ ತೈಲ ಕಂಪನಿಯಲ್ಲಿ, ಅದೂ ಟೆಂಡರ್ ವಿಭಾಗದಲ್ಲಿ ನಿನಗೆ ಕೆಲಸ ಸಿಕ್ಕಿದ್ದು ಮನೆಯವರಿಗೆಲ್ಲ ಹೆಮ್ಮೆ. ಆದರೆ 'ದೊಡ್ಡ ಸಾಹೇಬರೊಬ್ಬರಿಗೆ ನನ್ನ ಮೇಲೆ ಒಳ್ಳೆ ಅಭಿಪ್ರಾಯ ಇದೆ, ಬೇಗ ಮೇಲೆ ಬರ್ತೀನಿ' ಅಂತ ಬರೆದಿದ್ದೆಯಲ್ಲ, ಆ ಸಾಲು ಓದಿದಾಗಿನಿಂದ ಚೀನಾದ ಸರಕಾರಿ ತೈಲ ಕಂಪನಿಗಳಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಜಿಯಾಂಗ್ ಜಿಯೆಮಿನ್ ನೆನಪಾಗುತ್ತಿದ್ದಾನೆ. ಅವನ ವಿಷಯ ನಿನಗೆ ಹೇಳಲೇಬೇಕು.

ಹುಟ್ಟಿದ್ದು 1955ರಲ್ಲಿ, ಶಾಂಡಾಂಗ್ ಪ್ರಾಂತ್ಯದಲ್ಲಿ. ಅಲ್ಲಿನ ಶೆಂಗ್ಲಿ ತೈಲಕ್ಷೇತ್ರದಲ್ಲೇ ಕೆಲಸ ಕಲಿತ. ಝೌ ಯಾಂಗ್‌ಕಾಂಗ್ ಎಂಬ ಪ್ರಭಾವಿ ಕೂಡ ಒಂದು ಕಾಲಕ್ಕೆ ಅದೇ ಶೆಂಗ್ಲಿಯಲ್ಲಿ ಮೇಲಧಿಕಾರಿಯಾಗಿದ್ದವರು. ಜಿಯಾಂಗ್ ಮುಂದೆ ಚಿಂಗ್‌ಹಾಯ್‌ನ ತೈಲಕ್ಷೇತ್ರಕ್ಕೆ ಹೋದ, 2000ದಲ್ಲಿ ಅದೇ ಪ್ರಾಂತ್ಯದ ಉಪ ಗವರ್ನರ್ ಆದ, 2004ರಲ್ಲಿ ಮತ್ತೆ ತೈಲಕ್ಕೇ ವಾಪಸ್. ಅಲ್ಲಿ ಹಾಗೇ. ಇವತ್ತು ಕಂಪನಿ, ನಾಳೆ ಸರಕಾರ, ನಾಡಿದ್ದು ಮತ್ತೆ ಕಂಪನಿ. ಯಾರು ಎಲ್ಲಿಗೆ ಅನ್ನೋದನ್ನು ಆಳುವ ಕಮ್ಯುನಿಸ್ಟ್ ಪಕ್ಷ ತೀರ್ಮಾನಿಸುತ್ತದೆ.

ಕೆಲಸ ಬಾರದವನೇನಲ್ಲ. 2007ರ ನವೆಂಬರ್ 5ರಂದು ಪೆಟ್ರೋಚೀನಾ ಎಂಬ ಸರಕಾರಿ ತೈಲ ಕಂಪನಿಯ ಶೇರು ಶಾಂಘೈ ಶೇರುಪೇಟೆಗೆ ಬಂದಾಗ ಅದರ ಅಧ್ಯಕ್ಷ ಇವನೇ. 16.7 ಯುವಾನ್‌ಗೆ ಕೊಟ್ಟ ಶೇರು ಬೆಳಗ್ಗೆಯೇ 48 ದಾಟಿತು. ಕಂಪನಿಯ ಬೆಲೆ ಲಕ್ಷ ಕೋಟಿ ಡಾಲರ್ ಮುಟ್ಟಿತು. ಜಗತ್ತಿನಲ್ಲಿ ಯಾವ ಕಂಪನಿಯೂ ಅಲ್ಲಿಯವರೆಗೆ ಆ ಎತ್ತರ ನೋಡಿರಲಿಲ್ಲ. (ವರ್ಷ ತುಂಬುವ ಮೊದಲೇ ಆ ಶೇರು ಕೊಟ್ಟ ಬೆಲೆಗಿಂತ ಕೆಳಗಿಳಿಯಿತು, ಪಾಪ, ಎಷ್ಟು ಜನ ಕಳೆದುಕೊಂಡರೋ.) 2013ರ ಮಾರ್ಚ್‌ನಲ್ಲಿ ಕೇಂದ್ರದ ಸರಕಾರಿ ಕಂಪನಿಗಳನ್ನೆಲ್ಲ ನೋಡಿಕೊಳ್ಳುವ ಆಯೋಗಕ್ಕೇ ಮುಖ್ಯಸ್ಥನಾದ. ಆರು ತಿಂಗಳು ತುಂಬಲಿಲ್ಲ, ಸೆಪ್ಟೆಂಬರ್ 1ಕ್ಕೆ ತನಿಖೆಯ ಸುದ್ದಿ ಹೊರಬಿತ್ತು. 2015ರ ಅಕ್ಟೋಬರ್‌ನಲ್ಲಿ ಹುಬೇ ಪ್ರಾಂತ್ಯದ ಕೋರ್ಟು 16 ವರ್ಷ ಜೈಲು ಹಾಕಿತು.

ಸುಮಾರು 1.4 ಕೋಟಿ ಯುವಾನ್ ಲಂಚ, ಲೆಕ್ಕ ಕೊಡಲಾಗದ ಆಸ್ತಿ, ಇವೆಲ್ಲ ಆರೋಪದಲ್ಲಿದ್ದವು. ನನಗೆ ಅದಕ್ಕಿಂತ ಜಾಸ್ತಿ ಕಾಡಿದ್ದು ಮೂರನೆಯದು, ಅಧಿಕಾರದ ದುರುಪಯೋಗ. ಅಷ್ಟೊತ್ತಿಗೆ ದೇಶದ ಭದ್ರತೆಯ ಹೊಣೆವರೆಗೂ ಏರಿದ್ದ ಝೌ, ತಮ್ಮವರಿಗೆ ಸಹಾಯ ಮಾಡು ಅಂದಿದ್ದರು. ಇವನು ನಿಯಮ ಮುರಿದು ತೈಲದ ಯೋಜನೆಗಳಲ್ಲಿ ಅವರಿಗೆ ದಾರಿ ಮಾಡಿಕೊಟ್ಟ. ಝೌ ಮಾತು ಕೇಳಿ ಇವನೂ ಇನ್ನೊಬ್ಬ ಅಧಿಕಾರಿಯೂ ಮಾಡಿಕೊಟ್ಟ ಇಂಥ ಕೆಲಸಗಳಿಂದ ಝೌ ಅವರ ಮಗ, ತಮ್ಮ, ಪರಿಚಿತರೆಲ್ಲ ಗಳಿಸಿದ್ದು 213 ಕೋಟಿ ಯುವಾನ್‌ಗೂ ಹೆಚ್ಚು, ನಷ್ಟ 148 ಕೋಟಿಗೂ ಹೆಚ್ಚು ಅಂತ ಝೌ ಅವರ ವಿಚಾರಣೆ ನಡೆಸಿದ ಕೋರ್ಟು ಹೇಳಿತು. ಝೌಗೆ ಜೀವಾವಧಿ ಶಿಕ್ಷೆ ಆಯಿತು.

ಲಂಚ ಕೊಡೋಕೆ ಬಂದವನನ್ನು ನೀನು ಬಾಗಿಲಲ್ಲೇ ಕಳಿಸುತ್ತೀಯ, ಆ ಭಯ ನನಗಿಲ್ಲ. ನಿನ್ನನ್ನು ಬೆಳೆಸಿದವರು ಪ್ರೀತಿಯಿಂದ 'ಸ್ವಲ್ಪ ನೋಡಮ್ಮ, ನಮ್ಮ ಹುಡುಗನೇ' ಅಂದಾಗ ಬಾಯಿ ಕಟ್ಟುತ್ತದೆ. ಅವರ ಋಣ ತೀರಿಸಬೇಕು ಅನ್ನಿಸುತ್ತದೆ. ಋಣ ನಿನ್ನದು, ಆದರೆ ಟೆಂಡರ್ ನಿನ್ನ ಸ್ವಂತದ್ದಲ್ಲ.

ಹಾಗಾಗಿ ಯಾರೇ ಫೋನಿನಲ್ಲಿ ಹೇಳಲಿ, 'ಆಗಲಿ ಸರ್, ಬರೆದು ಕಳಿಸಿ' ಅನ್ನು. ಬರೆದು ಕಳಿಸದಿದ್ದರೆ ಯಾರು, ಎಷ್ಟು ಹೊತ್ತಿಗೆ, ಏನು ಹೇಳಿದರು ಅಂತ ಅವತ್ತೇ ಫೈಲಿನಲ್ಲಿ ಬರೆದು, ತಾರೀಖು ಹಾಕಿ ಸಹಿ ಮಾಡು. ಮೊದಲ ಸಲವೇ ಮಾಡು, ಎರಡನೇ ಸಲಕ್ಕೆ ಕಷ್ಟವಾಗುತ್ತದೆ. ಇದರಿಂದ ಬಡ್ತಿ ತಡವಾಗಬಹುದು, ದೂರದೂರಿಗೆ ವರ್ಗವೂ ಆಗಬಹುದು. ಆದರೆ ಆಗಲಿ ಬಿಡು. ಸಾಮಾನು ಸಾಗಿಸೋಕೆ ನಾನೂ ನಿನ್ನ ದೊಡ್ಡಮ್ಮನೂ ಬರುತ್ತೇವೆ.

ಇಂತಿ,
ನಿನ್ನ ದೊಡ್ಡಪ್ಪ