‘ಅಲೈನ್‌ಮೆಂಟ್ ಮಾಡಿಸಿ’ ಎಂಬ ಒಂದು ಸಾಲು ಸಾಲದು

ಮಾನ್ಯ ಸಂಪಾದಕರೇ,

ಸ್ಪ್ರಿಂಗ್ ಬದಲಾಯಿಸಿ ಕಾರಿನ ಎತ್ತರ ತಗ್ಗಿಸಿಕೊಳ್ಳುವ ಹುಡುಗರ ಬಗ್ಗೆ ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಸ್ಪ್ರಿಂಗ್, ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ), ಅಲಾಯ್ ಚಕ್ರ ಒಂದೊಂದಕ್ಕೂ ಒಂದು ಪ್ಯಾರಾ ಇತ್ತು. ಕೊನೆಗೆ ಒಂದೇ ಸಾಲು: ಇದಾದ ಮೇಲೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನವನ್ನು ಅಳೆದು ಸರಿಪಡಿಸುವ ಕೆಲಸ, ಮಾಡಿಸುವುದನ್ನು ಮರೆಯಬೇಡಿ ಅಂತ. ಮೈಸೂರಿನಲ್ಲಿ ಟೈರು ಮತ್ತು ಅಲೈನ್‌ಮೆಂಟ್ ಅಂಗಡಿ ಇಟ್ಟುಕೊಂಡಿರುವ ನನಗೆ ಆ ಸಾಲು ಓದಿ ಸುಮ್ಮನಿರಲು ಆಗಲಿಲ್ಲ. ಮಾಡಿಸುವುದನ್ನು ಯಾರೂ ಮರೆಯುವುದಿಲ್ಲ ಸ್ವಾಮಿ. ಎಲ್ಲರೂ ಮಾಡಿಸುತ್ತಾರೆ. ಮಾಡಿಸಿದ ಮೇಲೂ ಟೈರು ತಿನ್ನಿಸಿಕೊಂಡು ನಮ್ಮ ಹತ್ತಿರ ಬರುತ್ತಾರೆ.

ಒಂದು ಗಾಡಿಯ ಕಥೆ ಹೇಳುತ್ತೇನೆ. ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. 2017ರಲ್ಲಿ ನಮ್ಮ ದೇಶಕ್ಕೆ ಬಂದ 230 ಹಾರ್ಸ್‌ಪವರ್‌ನ ಮಾಡೆಲ್. ಕಂಪನಿಯಿಂದಲೇ ಸ್ಪೋರ್ಟ್ಸ್ ಸಸ್ಪೆನ್ಶನ್ ಬಂದಿರುವ ಗಾಡಿ. ಅದರ ಮೇಲೆ ಇನ್ನೂ ಮೂವತ್ತು ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದರು. ಬೇರೆ ಕಡೆ ಅಲೈನ್‌ಮೆಂಟ್ ಆಗಿತ್ತು. ‘ಅಣ್ಣಾ, ಸ್ಕ್ರೀನ್‌ನಲ್ಲಿ ಎಲ್ಲಾ ಹಸಿರು ಬಂದಿತ್ತು, ನಾನೇ ನೋಡಿದೀನಿ’ ಅಂದ ಓನರ್ ಹುಡುಗ. ಹಿಂದಿನ ಎರಡೂ ಟೈರಿನ ಒಳ ಅಂಚು ತಂತಿ ಕಾಣುವಷ್ಟು ಸವೆದಿತ್ತು. ಹೊರಗಿನಿಂದ ನೋಡಿದರೆ ಟೈರು ಹೊಸದರಂತೆಯೇ ಇತ್ತು. ತಗ್ಗಿಸಿದ ಗಾಡಿಯಲ್ಲಿ ಇದೇ ಅಪಾಯ. ಸವೆತ ಒಳಮಗ್ಗುಲಲ್ಲಿ ಆಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಮಳೆಯಲ್ಲಿ ನೂರರ ಸ್ಪೀಡಲ್ಲಿ ಗೊತ್ತಾಗುತ್ತದೆ.

ನಮ್ಮ ಮಷೀನಿಗೆ ಹತ್ತಿಸಿ ನೋಡಿದಾಗ ಎಡ ಹಿಂಚಕ್ರ 20 ಮಿನಿಟ್ ಹೊರಕ್ಕೆ ತಿರುಗಿತ್ತು, ಬಲ ಹಿಂಚಕ್ರ 6 ಮಿನಿಟ್ ಒಳಕ್ಕೆ. ಅರವತ್ತು ಮಿನಿಟಿಗೆ ಒಂದು ಡಿಗ್ರಿ. ಅಂದರೆ ಹಿಂದಿನ ಎರಡೂ ಚಕ್ರ ಎಡಕ್ಕೆ ನೋಡುತ್ತಿವೆ. ಹಿಂದಿನ ಚಕ್ರ ಎಡಕ್ಕೆ ತಳ್ಳಿದರೆ ಮುಂದಿನ ಚಕ್ರವನ್ನೂ ಎಡಕ್ಕೆ ಹಿಡಿದರೇನೇ ಗಾಡಿ ನೇರ ಹೋಗುವುದು. ಆಗ ಸ್ಟೇರಿಂಗ್ ಓರೆ ಕಾಣುತ್ತದೆ. ಅಲೈನ್‌ಮೆಂಟ್ ಮಾಡಿದವರು ಏನು ಮಾಡಿದ್ದಾರೆ ಅಂದರೆ, ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಮುಂದಿನ ಟೈ ರಾಡ್ ತಿರುಗಿಸಿ ಸ್ಟೇರಿಂಗ್ ನೇರ ಮಾಡಿ ಕೊಟ್ಟಿದ್ದಾರೆ. ಸ್ಟೇರಿಂಗ್ ನೇರವಾಯಿತು, ಗಾಡಿ ಮಾತ್ರ ಓರೆಯಾಗಿಯೇ ನಡೆಯುತ್ತಿತ್ತು. ಚಕ್ರ ಹೀಗೆ ಒಳಕ್ಕೋ ಹೊರಕ್ಕೋ ತಿರುಗಿರುವುದಕ್ಕೆ ಟೋ ಅಂತಾರೆ, ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದಕ್ಕೆ ಕ್ಯಾಂಬರ್. ಹಿಂದಿನ ಟೋ ಎರಡೂ ಸೇರಿಸಿ ನೋಡಿದರೆ ಹೊರಕ್ಕಿತ್ತು, ಜೊತೆಗೆ ಕ್ಯಾಂಬರ್ ನೆಗೆಟಿವ್ (ತಲೆ ಒಳಕ್ಕೆ) ಜಾಸ್ತಿ ಆಗಿತ್ತು. ಒಳ ಅಂಚು ಉಳಿಯುವುದಾದರೂ ಹೇಗೆ?

ಆ ಗಾಡಿಯ ಹಿಂದುಗಡೆ ಮಲ್ಟಿಲಿಂಕ್ ಸಸ್ಪೆನ್ಶನ್ ಇದೆ, ಅಂದರೆ ಒಂದೊಂದು ಚಕ್ರವನ್ನೂ ಹಲವು ಆರ್ಮ್‌ಗಳು ಹಿಡಿದಿರುತ್ತವೆ. ಟೋ ಮತ್ತು ಕ್ಯಾಂಬರ್ ಎರಡನ್ನೂ ಸರಿಪಡಿಸಲು ಕಂಪನಿಯೇ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಸರಿದು ಕೋನ ಬದಲಾಗುವಂಥದ್ದು) ಕೊಟ್ಟಿದೆ. ಆ ಬೋಲ್ಟಿಗೆ ಯಾರೂ ಸ್ಪ್ಯಾನರ್ ಹಾಕಿದ ಗುರುತೇ ಇರಲಿಲ್ಲ. ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ರಾತ್ರಿ ನಿಲ್ಲಿಸಿಕೊಂಡು ಬೆಳಿಗ್ಗೆ ಬಿಚ್ಚಿದೆವು.

ಹಾಗಾದರೆ ಅಲ್ಲಿ ಹಸಿರು ಹೇಗೆ ಬಂತು? ಓದುಗರು ಇದನ್ನು ತಿಳಿದುಕೊಳ್ಳಬೇಕು. ಹಸಿರು ಅಂದರೆ ಗಾಡಿ ಸರಿಯಿದೆ ಅಂತಲ್ಲ. ಮಷೀನಿನಲ್ಲಿ ಆರಿಸಿಕೊಂಡ ಅಂಕಿಗೆ ಹೊಂದಿದೆ ಅಂತ ಅಷ್ಟೇ. ಒಂದೇ ಮಾಡೆಲಿಗೆ ಸಾಮಾನ್ಯ ಸಸ್ಪೆನ್ಶನ್, ಸ್ಪೋರ್ಟ್ಸ್ ಸಸ್ಪೆನ್ಶನ್, ಕೆಟ್ಟ ರಸ್ತೆಯ ಸಸ್ಪೆನ್ಶನ್ ಅಂತ ಬೇರೆ ಬೇರೆ ಅಂಕಿ ಇರುತ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಲ್ಲಂತೂ ಇದು ಮಾಮೂಲು. ಆರಿಸುವ ಹುಡುಗ ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ಒತ್ತಿದರೆ ಹೋಲಿಕೆಯೇ ತಪ್ಪು. ಇನ್ನು ಕೆಲವರು ಮುಂದಿನ ಎರಡು ಚಕ್ರದ ಪುಟ ಮಾತ್ರ ತೋರಿಸುತ್ತಾರೆ. ಟಾರ್ಗೆಟ್ ಅಂಕಿಯನ್ನೇ ಕೈಯಲ್ಲಿ ಬದಲಾಯಿಸಲು ಬಿಡುವ ಮಷೀನುಗಳೂ ಇವೆ. ನನ್ನ ಕಸುಬಿನವರ ಮೇಲೆ ನಾನೇ ಬರೆಯುತ್ತಿದ್ದೇನೆ, ನಾಳೆ ಯಾರಾದರೂ ಫೋನ್ ಮಾಡಿ ಬೈಯಬಹುದು. ಬೈಯಲಿ.

ತಗ್ಗಿಸಿದಾಗ ಅಂಕಿಗಳು ಯಾಕೆ ಕೆಡುತ್ತವೆ ಅನ್ನುವುದು ಕಷ್ಟದ ವಿಷಯವೇನಲ್ಲ. ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ. ಬಾಡಿ ಕೆಳಗೆ ಬಂದರೆ, ಚಕ್ರದ ಬುಡವನ್ನು ಹಿಡಿದಿರುವ ಲೋವರ್ ಆರ್ಮ್‌ನ ಕೋನ ಬದಲಾಗುತ್ತದೆ. ಚಕ್ರದ ಬುಡ ಹೊರಕ್ಕೆ ಸರಿಯುತ್ತದೆ, ತಲೆ ಒಳಕ್ಕೆ ವಾಲುತ್ತದೆ. ಅದೇ ನೆಗೆಟಿವ್ ಕ್ಯಾಂಬರ್. ಸ್ಟೇರಿಂಗ್‌ನ ಟೈ ರಾಡ್ ಬೇರೆಯೇ ಉದ್ದದ್ದು, ಬೇರೆಯೇ ಜಾಗದಿಂದ ತೂಗುವುದು. ಅದು ತಿರುಗುವ ವೃತ್ತ ಬೇರೆ, ಆರ್ಮ್ ತಿರುಗುವ ವೃತ್ತ ಬೇರೆ. ಹಾಗಾಗಿ ಟೋ ಕೂಡ ಬದಲಾಗುತ್ತದೆ. ಒಳಕ್ಕೋ ಹೊರಕ್ಕೋ ಅನ್ನುವುದು ಆಯಾ ಗಾಡಿಯ ಮೇಲೆ. ಇನ್ನೂ ತಗ್ಗಿಸುತ್ತಾ ಹೋದರೆ ಆರ್ಮ್ ಮೇಲ್ಮುಖವಾಗಿಬಿಡುತ್ತದೆ. ಆಮೇಲೆ ತಿರುವಿನಲ್ಲಿ ಬಾಡಿ ವಾಲಿದಾಗ ಸಿಗಬೇಕಾದ ಕ್ಯಾಂಬರ್ ಸಿಗುವುದಿಲ್ಲ, ಟೈರಿನ ಹಿಡಿತ ಕಡಿಮೆಯಾಗುತ್ತದೆ. ನೆಲಕ್ಕೆ ಅಂಟಿಸಿದ ಕಾರು ನೋಡಲು ಚೆಂದ ಇರಬಹುದು. ಆದರೆ ಅದು ಹದವಾಗಿ ತಗ್ಗಿಸಿದ ಕಾರಿಗಿಂತ ಕೆಟ್ಟದಾಗಿ ತಿರುಗುತ್ತದೆ. ಇದನ್ನು ಹುಡುಗರಿಗೆ ಹೇಳಿದರೆ ನಗುತ್ತಾರೆ.

ಟೈರು ಸವೆದರೆ ಎಲ್ಲರೂ ಕ್ಯಾಂಬರ್‌ಗೆ ಬೈಯುತ್ತಾರೆ. ಕ್ಯಾಂಬರ್ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ. ನಿಜವಾದ ಕಳ್ಳ ಟೋ. ಲೆಕ್ಕ ಹಾಕಿ ನೋಡಿ. ಚಕ್ರ ಹತ್ತೇ ಮಿನಿಟ್ ಓರೆಯಿದ್ದರೆ, ಗಾಡಿ ಒಂದು ಕಿಲೋಮೀಟರ್ ಓಡುವಾಗ ಆ ಟೈರು ಸುಮಾರು ಮೂರು ಮೀಟರ್ ಅಡ್ಡಕ್ಕೆ ಎಳೆಸಿಕೊಂಡ ಲೆಕ್ಕ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಷ್ಟರಲ್ಲಿ ನಾನೂರು ಮೀಟರ್‌ಗೂ ಜಾಸ್ತಿ. ಒಂದೂವರೆ ಡಿಗ್ರಿ ಕ್ಯಾಂಬರ್ ಇದ್ದರೂ ಟೋ ಸರಿಯಿದ್ದರೆ ಟೈರು ಸಾಕಷ್ಟು ದಿನ ಬಾಳುತ್ತದೆ. ಎರಡೂ ಕೆಟ್ಟರೆ ಒಳ ಅಂಚಿನ ಕಥೆ ಮುಗಿಯಿತು. ಟೈರಿನ ಮೇಲೆ ಅಂಗೈ ಇಟ್ಟು ಅಡ್ಡಕ್ಕೆ ಸವರಿ ನೋಡಿ. ಒಂದು ಕಡೆಗೆ ನುಣುಪಾಗಿ, ವಾಪಸ್ ಬರುವಾಗ ಗರಗಸದ ಹಾಗೆ ಸಿಕ್ಕಿದರೆ ಟೋ ಹೋಗಿದೆ ಅಂತ ಅರ್ಥ. ಇದಕ್ಕೆ ಮಷೀನ್ ಬೇಡ, ದುಡ್ಡೂ ಬೇಡ.

ಇನ್ನು ಅಲೈನ್‌ಮೆಂಟಿಗೆ ಮೊದಲೇ ಆಗುವ ಒಂದು ಎಡವಟ್ಟು ಇದೆ. ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ಸ್ಪ್ರಿಂಗ್ ಬದಲಾಯಿಸುವಾಗ ಗಾಡಿ ಲಿಫ್ಟ್ ಮೇಲಿರುತ್ತದೆ, ಚಕ್ರಗಳು ಜೋತುಬಿದ್ದಿರುತ್ತವೆ. ಬಿಚ್ಚಿದ ಆರ್ಮ್‌ಗಳ ಬೋಲ್ಟನ್ನು ಹಾಗೇ ಬಿಗಿ ಮಾಡಿ ಇಳಿಸಿಬಿಡುತ್ತಾರೆ. ಆರ್ಮ್‌ನ ಕೀಲಿನಲ್ಲಿರುವ ಬುಷ್‌ನ ಒಳಗಿನ ರಬ್ಬರು ಅದರ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ನೆಲಕ್ಕೆ ಇಳಿದಾಗ ಆ ತಿರುಚಿದ ರಬ್ಬರು ಸ್ಪ್ರಿಂಗ್ ಜೊತೆಗೆ ತಾನೂ ಗಾಡಿಯನ್ನು ಎತ್ತಿ ಹಿಡಿಯುತ್ತದೆ. ಆ ಎತ್ತರದಲ್ಲಿ ಅಲೈನ್‌ಮೆಂಟ್ ಮಾಡಿದರೆ ಅಂಕಿ ಸರಿ ಬರುತ್ತದೆ. ಸ್ವಲ್ಪ ದಿನಕ್ಕೆ ರಬ್ಬರು ಸೋತು ಹರಿಯುತ್ತದೆ, ಗಾಡಿ ಕೂರುತ್ತದೆ, ಅಂಕಿ ಎಲ್ಲಾ ಹೋಗುತ್ತದೆ. ಗಿರಾಕಿ ಬಂದು ಅಲೈನ್‌ಮೆಂಟ್ ಮಾಡಿದವನ ಜೊತೆ ಜಗಳ ಆಡುತ್ತಾನೆ. ಆ ಬೋಲ್ಟುಗಳನ್ನು ಗಾಡಿಯ ಭಾರ ಚಕ್ರದ ಮೇಲೆ ಬಿದ್ದಿರುವಾಗಲೇ ಕೊನೆಯದಾಗಿ ಬಿಗಿ ಮಾಡಬೇಕು. ಗಾಡಿ ಚಕ್ರದ ಮೇಲೆಯೇ ನಿಲ್ಲುವ ಫೋರ್ ಪೋಸ್ಟ್ ಲಿಫ್ಟ್ ಇದ್ದರೆ ಸುಲಭದ ಕೆಲಸ.

ಹೊಸ ಸ್ಪ್ರಿಂಗ್ ಕೂಡ ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನಷ್ಟು ಕೂರುವುದುಂಟು. ಹಾಕಿದ ದಿನ ಟೋ ಸರಿ ಮಾಡಿಸಿಕೊಂಡು ಓಡಿಸಿ. ಪೂರ್ತಿ ಅಲೈನ್‌ಮೆಂಟನ್ನು ಅದು ಕೂತ ಮೇಲೆ ಮಾಡಿಸಿ. ಎರಡು ಸಲ ದುಡ್ಡು ಅನ್ನುತ್ತೀರಾ? ಹದಿನೆಂಟು ಇಂಚಿನ ಟೈರಿನ ಬೆಲೆ ಒಮ್ಮೆ ಕೇಳಿ ನೋಡಿ.

ಮಷೀನ್ ಮೇಲಿನ ಕೆಲಸಕ್ಕೂ ಒಂದು ಕ್ರಮ ಇದೆ. ಗಾಳಿ ಸರಿ ಮಾಡಿ, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಅಲ್ಲಾಡುತ್ತಿದೆಯಾ ಅಂತ ನೋಡಿಕೊಳ್ಳಬೇಕು. ಅವು ಸಡಿಲ ಇದ್ದರೆ ಅಲೈನ್‌ಮೆಂಟ್ ಸುಮ್ನೆ ದಂಡ. ಅಳೆಯುವ ಸಾಧನದ ಕ್ಲ್ಯಾಂಪನ್ನು ಚಕ್ರಕ್ಕೆ ಹಾಕಿದ ಮೇಲೆ ಗಾಡಿಯನ್ನು ಹಿಂದೆ ಮುಂದೆ ತಳ್ಳಿ ರನ್‌ಔಟ್ (ಡೊಂಕಿನಿಂದ ಬರುವ ತಪ್ಪು) ತೆಗೆಯಬೇಕು. ರಿಮ್ ಸ್ವಲ್ಪ ಡೊಂಕಿದ್ದರೂ, ಕ್ಲ್ಯಾಂಪ್ ಸ್ವಲ್ಪ ಓರೆ ಕೂತಿದ್ದರೂ ಆ ತಪ್ಪು ನೇರವಾಗಿ ಅಂಕಿಗೆ ಸೇರುತ್ತದೆ. ಗಾಡಿಯನ್ನು ನಾಲ್ಕೂ ಮೂಲೆಯಲ್ಲಿ ಒತ್ತಿ ಕುಲುಕಿಸಬೇಕು. ಮೊದಲು ಹಿಂದಿನ ಚಕ್ರ, ಆಮೇಲೆ ಮುಂದಿನದು. ಈ ಕ್ರಮ ಉಲ್ಟಾ ಆದರೆ ಮೇಲೆ ಹೇಳಿದ ಆಕ್ಟೇವಿಯಾ ಗತಿಯೇ. ತಗ್ಗಿಸಿದ ಗಾಡಿ ರ‍್ಯಾಂಪ್ ಹತ್ತುವಾಗ ಬಂಪರ್ ತಾಗುತ್ತದೆ, ಅದಕ್ಕೆ ನಮ್ಮಲ್ಲಿ ಮರದ ಹಲಗೆ ಇಟ್ಟುಕೊಂಡಿದ್ದೇವೆ. ಹಲಗೆ ಇಲ್ಲದ ಅಂಗಡಿಗೆ ಇಂಥ ಗಾಡಿ ಜಾಸ್ತಿ ಬರುವುದಿಲ್ಲ ಅಂತ ನೀವೇ ಊಹಿಸಬಹುದು.

ಎಲ್ಲವನ್ನೂ ಸರಿ ಮಾಡಲು ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಇದನ್ನು ಮುಚ್ಚಿಡುವವರೇ ಜಾಸ್ತಿ. ಆಕ್ಟೇವಿಯಾದ ಮುಂದಿನ ಕ್ಯಾಂಬರನ್ನು ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬದಲಾಯಿಸಲು ಕಂಪನಿ ಜಾಗ ಕೊಟ್ಟಿಲ್ಲ. ಮುಂದಿನ ಆರ್ಮ್‌ಗಳನ್ನು ಹೊತ್ತಿರುವ ಸಬ್‌ಫ್ರೇಮ್ ಸಡಿಲಿಸಿ ಪಕ್ಕಕ್ಕೆ ಸರಿಸಿ ಎಡಬಲ ಸಮ ಮಾಡಬಹುದು, ಅಷ್ಟೇ. ಇನ್ನೂ ಬೇಕೆಂದರೆ ಸ್ಟ್ರಟ್ ತಲೆಯನ್ನು ಒಳಕ್ಕೆ ಹೊರಕ್ಕೆ ಸರಿಸಲು ಬಿಡುವ ಕ್ಯಾಂಬರ್ ಪ್ಲೇಟ್ ಹಾಕಿಸಬೇಕು. ಪೋಲೊ, ಸ್ವಿಫ್ಟ್‌ಗಳ ಹಿಂದೆ ಟಾರ್ಶನ್ ಬೀಮ್, ಅಂದರೆ ಎರಡೂ ಚಕ್ರ ಜೋಡಿಸುವ ಒಂದೇ ತೊಲೆ ಇದೆ. ಅಲ್ಲಿ ತಿರುಗಿಸಲು ಬೋಲ್ಟೇ ಇಲ್ಲ. ಚಕ್ರ ಕೂರುವ ಹಬ್‌ನ ಹಿಂದೆ ಶಿಮ್ (ತೆಳು ತಗಡು) ಕೊಟ್ಟು ಒಂದಿಷ್ಟು ಸರಿ ಮಾಡಬಹುದು. ಆದರೂ ‘ಹಿಂದಿನ ಅಲೈನ್‌ಮೆಂಟ್ ಆಯ್ತು ಸಾರ್’ ಎಂದು ಆ ಗಾಡಿಗಳಿಗೂ ಬಿಲ್ ಬರೆಯುವವರಿದ್ದಾರೆ.

ಹೊಸ ಗಾಡಿಗಳ ತಲೆನೋವು ಬೇರೆ. ಸ್ಟೇರಿಂಗ್ ಆ್ಯಂಗಲ್ ಸೆನ್ಸರನ್ನು ಸೊನ್ನೆಗೆ ತರದಿದ್ದರೆ, ನೇರ ಹೋಗುತ್ತಿದ್ದರೂ ಗಾಡಿಯ ಕಂಪ್ಯೂಟರ್ ತಿರುಗುತ್ತಿದ್ದೇವೆ ಅಂದುಕೊಳ್ಳಬಹುದು. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರುವ ಗಾಡಿಯಾದರೆ ಅದನ್ನೂ ಹೊಸದಾಗಿ ಕ್ಯಾಲಿಬ್ರೇಟ್ ಮಾಡಬೇಕು. ಆ ಉಪಕರಣ ನಮ್ಮಲ್ಲಿಲ್ಲ. ಕಂಪನಿ ಸರ್ವಿಸ್ ಸೆಂಟರಿಗೆ ಕಳಿಸುತ್ತೇನೆ.

ಒಂದು ಗಾಡಿಗೆ ಮಾತ್ರ ನಾನು ಕೈ ಹಾಕುವುದಿಲ್ಲ. ಗ್ರೈಂಡರ್‌ನಲ್ಲಿ ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದು. ಒಂದು ಸುತ್ತು ಕತ್ತರಿಸಿದರೆ ಸ್ಪ್ರಿಂಗ್ ಗಿಡ್ಡವಾಗುತ್ತದೆ, ಚಕ್ರ ಜೋತುಬಿದ್ದಾಗ ಸೀಟಿನಿಂದ ಸಡಿಲವಾಗುತ್ತದೆ. ದೊಡ್ಡ ಹಳ್ಳಕ್ಕೆ ಬಿದ್ದೆದ್ದಾಗ ಅದು ವಾಪಸ್ ತನ್ನ ಜಾಗದಲ್ಲೇ ಕೂರುತ್ತದೆ ಎಂಬ ಗ್ಯಾರಂಟಿ ಯಾರು ಕೊಡುತ್ತಾರೆ? ಅಂಥವರಿಗೆ ಟೀ ಕೊಟ್ಟು ವಾಪಸ್ ಕಳಿಸುತ್ತೇನೆ.

ರಸ್ತೆಯ ಬಗ್ಗೆಯೂ ಒಂದು ಮಾತು. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದ್ದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗದಲ್ಲಿ ದಾಟುವಂಥದ್ದು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಸಿಮೆಂಟ್ ದಿಬ್ಬಕ್ಕೆ ಯಾವ ಅಳತೆಯೂ ಇಲ್ಲ. ತಗ್ಗಿಸಿದ ಗಾಡಿಯವರು ಅದನ್ನು ಅಡ್ಡಡ್ಡ ಹತ್ತಿಸುತ್ತಾರೆ, ಹೊಟ್ಟೆ ಉಜ್ಜಿಸಿಕೊಳ್ಳುತ್ತಾರೆ. ಜೋರಾಗಿ ಹೊಡೆತ ಬಿದ್ದರೆ ಅಲೈನ್‌ಮೆಂಟ್ ಮತ್ತೆ ನೋಡಿಸಬೇಕು. ಗಾಡಿ ತಗ್ಗಿಸಿದವರದ್ದೇ ತಪ್ಪು ಅನ್ನುವವರು ಒಮ್ಮೆ ಸಾದಾ ಆಲ್ಟೊದಲ್ಲಿ ಆ ದಿಬ್ಬ ದಾಟಿ ನೋಡಲಿ.

ಓದುಗರು ಕೇಳಬೇಕಾದದ್ದು ಒಂದು ಹಾಳೆ. ಕೆಲಸಕ್ಕೆ ಮುಂಚಿನ ಅಂಕಿ ಮತ್ತು ಆದ ಮೇಲಿನ ಅಂಕಿ, ನಾಲ್ಕೂ ಚಕ್ರದ್ದು, ಒಂದೇ ಪ್ರಿಂಟ್‌ಔಟ್‌ನಲ್ಲಿ. ಮೇಲ್ಗಡೆ ಯಾವ ಮಾಡೆಲ್, ಯಾವ ಸಸ್ಪೆನ್ಶನ್ ಆರಿಸಿದ್ದಾರೆ ಅಂತ ಇರುತ್ತದೆ, ಅದನ್ನು ಓದಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಅದೇ ಹಾಳೆಯಲ್ಲಿ ಪೆನ್ನಿನಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಗಾಡಿ ಎಷ್ಟು ಕೂತಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ. ಯಾವುದಾದರೂ ಅಂಕಿ ಕೆಂಪು ಇದ್ದರೆ ಗಾಬರಿ ಬೇಡ. ಯಾಕೆ ಕೆಂಪು, ಅದನ್ನು ಸರಿ ಮಾಡಲು ಆಗುತ್ತದಾ ಇಲ್ಲವಾ ಅಂತ ಕೇಳಿ. ತಗ್ಗಿಸಿದ ಗಾಡಿಯಲ್ಲಿ ಕ್ಯಾಂಬರ್ ಕೆಂಪು ಇದ್ದು ಟೋ ಸರಿಯಿರುವ ಹಾಳೆಯನ್ನು ನಾನು ಒಪ್ಪುತ್ತೇನೆ. ಎಲ್ಲಾ ಹಸಿರಿನ ಹಾಳೆ ನೋಡಿದರೆ ಟಾರ್ಗೆಟ್ ಯಾವುದು ಅಂತ ಮೊದಲು ನೋಡುತ್ತೇನೆ.

ಅಂಗಡಿಯವರ ಕಷ್ಟವೂ ಸ್ವಲ್ಪ ಹೇಳುತ್ತೇನೆ. ಸಾದಾ ಗಾಡಿಗೆ ಅರ್ಧ ಗಂಟೆ ಸಾಕು. ತಗ್ಗಿಸಿದ ಗಾಡಿಗೆ ಒಂದೂವರೆ ಗಂಟೆ ಬೇಕು, ಬೋಲ್ಟ್ ಹಿಡಿದಿದ್ದರೆ ಅರ್ಧ ದಿನ. ಗಿರಾಕಿ ಕೊಡುವುದು ಎರಡಕ್ಕೂ ಒಂದೇ ರೇಟು. ಸ್ಪ್ರಿಂಗಿಗೆ ಮೂವತ್ತು ಸಾವಿರ ಎಣಿಸಿದವರೇ ಇಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ನಾನು ಇಂಥ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ತೆಗೆದುಕೊಳ್ಳುತ್ತೇನೆ, ಮೊದಲೇ ಹೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ.

ಐಟಿಐ ಮುಗಿಸಿ ಬರುವ ಹುಡುಗರು ಮಷೀನ್ ಚೆನ್ನಾಗಿಯೇ ಒತ್ತುತ್ತಾರೆ. ಹಿಂದಿನ ಟೋ ಕೆಟ್ಟರೆ ಸ್ಟೇರಿಂಗ್ ಯಾಕೆ ಓರೆಯಾಗುತ್ತದೆ ಅಂದರೆ ಮುಖ ಮುಖ ನೋಡುತ್ತಾರೆ. ನಮ್ಮ ಅಂಗಡಿಯಲ್ಲಿ ಹೊಸಬರಿಗೆ ಮೊದಲು ದಾರ ಮತ್ತು ಸ್ಕೇಲ್ ಕೊಟ್ಟು ಟೋ ಅಳೆಯಲು ಹೇಳುತ್ತೇನೆ. ಸ್ಕ್ರೀನ್ ಆಮೇಲೆ.

ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಇಂಥ ಲೇಖನ ಹಾಕುವಾಗ ಕಾರಿನ ಫೋಟೊ ಒಂದು ಕಡಿಮೆ ಮಾಡಿ, ಆ ಜಾಗದಲ್ಲಿ ಒಂದು ಅಲೈನ್‌ಮೆಂಟ್ ಹಾಳೆಯನ್ನು ಹಾಕಿ, ಯಾವ ಅಂಕಿ ಏನು ಅಂತ ಬಾಣ ಹಾಕಿ ತೋರಿಸಿ. ಹಾಳೆ ನಾನು ಕೊಡುತ್ತೇನೆ, ಗಾಡಿ ನಂಬರ್ ಅಳಿಸಿ. ಆ ಆಕ್ಟೇವಿಯಾದ್ದೇ ಇದೆ, ಮುಂಚಿನದೂ ಆಮೇಲಿನದೂ.

– ಟೈರು ಅಂಗಡಿಯ ಮಾಲೀಕ, ಮೈಸೂರು