ಭಾನುವಾರದ ಭೇಟಿ: ಕಿವಿ ಕೇಳದ ಮಕ್ಕಳ ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರೋಣ. ಮಕ್ಕಳನ್ನೂ ಕರೆತನ್ನಿ.

ಕಿವಿ ಕೇಳದ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ನಮ್ಮಂತೆ ಕಿವಿ ಕೇಳುವವರ ಮನೆಯಲ್ಲೇ. ಹಾಗಾಗಿ "ಇದು ಯಾರ ಕಡೆಯಿಂದ ಬಂತು?" ಎನ್ನುವ ನೆಂಟರಿಗೆ ಉತ್ತರ ಕೊಡುತ್ತಾ ಕೂರಬೇಡಿ. (ನಾನು ಎರಡು ವರ್ಷ ಕೊಟ್ಟೆ, ದಂಡ.) ಆ ಹೊತ್ತಿನಲ್ಲಿ ಮಗುವಿನ ಭಾಷೆ, ಅಂದರೆ ಕೈಸನ್ನೆಯ ಭಾಷೆ, ಕಲಿಯಬಹುದಿತ್ತು. ಭಾರತೀಯ ಸಂಜ್ಞಾ ಭಾಷೆಯ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ. ನನಗೆ ಬರುವುದು ಇನ್ನೂರು. ನನ್ನ ಕೈ ತೊದಲಿದಾಗಲೆಲ್ಲ ಮಗಳು ನಗುತ್ತಾಳೆ.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೊಸದಾಗಿ ಹೋಗುವವರು ಹಳೆಯ ವರದಿಗಳನ್ನು ಒಯ್ಯಿರಿ. ಮಂಡ್ಯದಿಂದ ಬರುವವರು ಶನಿವಾರವೇ ತಿಳಿಸಿ, ಇಡ್ಲಿಯ ಲೆಕ್ಕ ಬೇಕು. ಮತ್ತೆ, ಈ ಗುಂಪಿನಲ್ಲಿ 'ಪಾಪ' ಎಂಬ ಪದ ಬೇಡ.