ಚಿತ್ರಕಥೆ ಬರೆದವರ ಹೆಸರೆಲ್ಲಿ?

ಮಾನ್ಯ ಸಂಪಾದಕರೇ,

ಹಳೆಯ ಭಯಾನಕ ಚಿತ್ರಗಳ ಕುರಿತ ನಿಮ್ಮ ಪುರವಣಿಯ ಲೇಖನದಲ್ಲಿ ‘ದಿ ವುಲ್ಫ್ ಮ್ಯಾನ್’ (1941) ಚಿತ್ರದ ನಟ, ಪ್ರಸಾಧನ ಕಲಾವಿದ ಇಬ್ಬರಿಗೂ ಮೆಚ್ಚುಗೆ ಸಂದಿದೆ. ಕಥೆ ಬರೆದ ಕರ್ಟ್ ಸಿಯೋಡ್‌ಮ್ಯಾಕ್ ಹೆಸರೇ ಇಲ್ಲ. ನಿವೃತ್ತ ಗಣಿತ ಅಧ್ಯಾಪಕಿಯಾದ ನನಗೆ ಇದು ನೋವು ತಂದಿತು. ಅವರೂ ಗಣಿತದಲ್ಲಿ ಡಾಕ್ಟರೇಟ್ ಪಡೆದವರು!

1902ರಲ್ಲಿ ಡ್ರೆಸ್ಡನ್‌ನಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದ ಅವರು, ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲೇ ಜರ್ಮನಿ ತೊರೆದರು. ಇಂಗ್ಲೆಂಡಿನಲ್ಲಿ ಕೆಲಕಾಲವಿದ್ದು 1937ರಲ್ಲಿ ಅಮೆರಿಕ ಸೇರಿದರು. ಆ ಚಿತ್ರದಲ್ಲಿ ತೋಳಮನುಷ್ಯನಿಗೆ ಮುಂದಿನ ಬಲಿಯ ಅಂಗೈಯಲ್ಲಿ ನಕ್ಷತ್ರ ಕಾಣಿಸುತ್ತದೆ. ಬಲಿಯಾಗುವವರ ಮೇಲೆ ನಕ್ಷತ್ರದ ಗುರುತು, ನಾಜಿಗಳು ಯಹೂದಿಗಳಿಗೆ ಬಲವಂತವಾಗಿ ತೊಡಿಸಿದ ನಕ್ಷತ್ರದ ಹಾಗೆ! ಊರು ಬಿಟ್ಟೋಡಿದ ಯಹೂದಿಯೊಬ್ಬ ಬರೆದದ್ದು ಎಂದು ತಿಳಿದು ನೋಡಿದರೆ ಎದೆ ನಡುಗುತ್ತದೆ. ಒಳ್ಳೆಯವನೂ ತೋಳವಾಗಬಲ್ಲನೆಂದು ಹೇಳುವ ಅದರ ಪದ್ಯವನ್ನು ಎಷ್ಟೋ ಜನ ಹಳೆಯ ಜಾನಪದವೆಂದೇ ನಂಬಿದ್ದರು. ಅದೂ ಅವರದೇ ರಚನೆ. ‘ಡೊನೊವನ್ಸ್ ಬ್ರೈನ್’ ಕಾದಂಬರಿಯೂ ಅವರದು. ಅಣ್ಣ ರಾಬರ್ಟ್ ಹೆಸರಾಂತ ನಿರ್ದೇಶಕ. ಕರ್ಟ್ ತೀರಿಕೊಂಡದ್ದು 2000ರಲ್ಲಿ.

ಇನ್ನು ಮುಂದೆ ಚಿತ್ರಗಳ ಬಗ್ಗೆ ಬರೆಯುವಾಗ ನಿರ್ದೇಶಕರ ಜೊತೆಗೆ ಚಿತ್ರಕಥೆಗಾರರ ಹೆಸರನ್ನೂ ದಯವಿಟ್ಟು ಅಚ್ಚು ಮಾಡಿ. ಕನ್ನಡ ಚಿತ್ರಗಳ ವಿಮರ್ಶೆಗೂ ಇದೇ ನನ್ನ ಬೇಡಿಕೆ.

– ಓದುಗರೊಬ್ಬರು, ಸಾಗರ